ಫಲಾಕ್ರಸ್: ಹೊಳಪು ನೋಡಿ ಹೆಸರಿಡಬೇಡಿ

ಫಲಾಕ್ರಸ್ ಅಂದರೆ ಎರಡು ಮಿಲಿಮೀಟರ್ ಆಸುಪಾಸಿನ ಕಪ್ಪು ಜೀರುಂಡೆ. ಬೆನ್ನು ಉಬ್ಬಿದೆ, ಮೇಲೆ ಕೂದಲಿಲ್ಲ, ಪಾಲಿಶ್ ಹಾಕಿದಂಥ ಹೊಳಪು. ಸಾಸಿವೆ ಕಾಳಿಗೆ ಕಾಲು ಮೂಡಿದ ಹಾಗಿರುತ್ತದೆ. ಸ್ವೀಡನ್ನಿನ ಕೀಟತಜ್ಞ ಪೇಕುಲ್ 1800ರಲ್ಲಿ ಈ ಜಾತಿಯನ್ನು (ಜೀನಸ್) ಹೆಸರಿಸಿದರು. 1815ರಲ್ಲಿ ಬ್ರಿಟನ್ನಿನ ಪ್ರಾಣಿತಜ್ಞ ಲೀಚ್ ಅದೇ ಹೆಸರಿನಿಂದ ಫಲಾಕ್ರಿಡೇ ಕುಟುಂಬವನ್ನು ಕಟ್ಟಿದರು. ಇವತ್ತು ಆ ಕುಟುಂಬದಲ್ಲಿ ಸುಮಾರು 50 ಜಾತಿಗಳು, 600ಕ್ಕೂ ಜಾಸ್ತಿ ಪ್ರಭೇದಗಳು (ಸ್ಪೀಶೀಸ್) ಇವೆ.

ವರ್ಗೀಕರಣದಲ್ಲಿ ಮೇಲಿನಿಂದ ಕೆಳಗೆ ಇದರ ಸ್ಥಾನ ಹೀಗೆ: ಕೋಲಿಯಾಪ್ಟೆರಾ (ಎಲ್ಲ ಜೀರುಂಡೆಗಳ) ಗಣ, ಪಾಲಿಫೇಗಾ ಉಪಗಣ, ಕುಕುಜಾಯ್ಡಿಯಾ ಮಹಾಕುಟುಂಬ, ಫಲಾಕ್ರಿಡೇ ಕುಟುಂಬ.

ಇದರಲ್ಲಿ ಗೊಂದಲ ಇರುವುದು ಮಹಾಕುಟುಂಬದಲ್ಲಿ. ಹಳೆಯ ಪುಸ್ತಕಗಳಲ್ಲಿ ಕುಕುಜಾಯ್ಡಿಯಾ ದೊಡ್ಡ ಗೋದಾಮು, ಎಲ್ಲಿಯೂ ಸೇರದವನ್ನೆಲ್ಲ ಅಲ್ಲಿಗೇ ತುಂಬಿದ್ದರು. ಲೇಡಿಬರ್ಡ್ ಜೀರುಂಡೆ ಕೂಡ ಅಲ್ಲೇ ಇತ್ತು. 2015ರಲ್ಲಿ ಡಿಎನ್‌ಎ ಆಧಾರದ ಮೇಲೆ ಲೇಡಿಬರ್ಡ್ ಮತ್ತು ಅದರ ನೆಂಟರನ್ನು ಬೇರೆ ಮಾಡಿದರು. 2022ರಲ್ಲಿ ಉಳಿದದ್ದನ್ನೂ ಮೂರು ಪಾಲು ಮಾಡಿದರು. ಫಲಾಕ್ರಿಡೇ ಮಾತ್ರ ಕುಕುಜಾಯ್ಡಿಯಾದಲ್ಲೇ ಉಳಿಯಿತು. ಇದಕ್ಕೆ ತೀರಾ ಹತ್ತಿರದವರೆಂದು ಕಾಣುವುದು ಲೀಮೋಫ್ಲೀಯಿಡೇ ಕುಟುಂಬ. ಅವು ತೊಗಟೆಯ ಅಡಿಯಲ್ಲಿ ಬದುಕುವ, ಕಾಗದದಷ್ಟು ಚಪ್ಪಟೆ ಜೀರುಂಡೆಗಳು! ಇದೇ ಥರ ಉಬ್ಬಿದ, ಹೊಳೆಯುವ ಅಗಾಥಿಡಿಯಮ್ ಜೀರುಂಡೆ ಮಾತ್ರ ದೂರದ ಸ್ಟ್ಯಾಫಿಲಿನಾಯ್ಡಿಯಾ ಗುಂಪಿನದು. ಆಕಾರ ನಂಬಿದರೆ ಕೆಟ್ಟೆವು, ಅಲ್ವಾ?

ಹಾಗಾದರೆ ಏನು ನೋಡಬೇಕು? ಕುಡಿಮೀಸೆಯಲ್ಲಿ 11 ಗೆಣ್ಣು, ಕೊನೆಯ ಮೂರು ದಪ್ಪ. ಪಾದದಲ್ಲಿ ಐದು ಗೆಣ್ಣಿದ್ದರೂ ನಾಲ್ಕನೆಯದು ಬಹಳ ಸಣ್ಣದು, ಮೂರನೆಯದರ ಹಿಂದೆ ಅಡಗಿರುತ್ತದೆ. ಆದ್ದರಿಂದ ಎಣಿಸಿದರೆ ನಾಲ್ಕೇ ಸಿಗುತ್ತದೆ. ಲೆನ್ಸ್ ಸಾಲದು, ಮೈಕ್ರೋಸ್ಕೋಪ್ ಬೇಕು.

ಊಟವೂ ಒಂದು ಸುಳಿವು. ನನಗಂತೂ ಇದೇ ಹೆಚ್ಚು ಇಷ್ಟ. ಫಲಾಕ್ರಸ್ ಮರಿಹುಳುಗಳು ಹುಲ್ಲು ಮತ್ತು ಜೇಕಿನ ತೆನೆಗೆ ಬರುವ ಕಾಡಿಗೆ ಎಂಬ ಶಿಲೀಂಧ್ರ ರೋಗದ ಕಪ್ಪು ಬೀಜಕಣಗಳನ್ನು ತಿಂದು ಬೆಳೆಯುತ್ತವೆ, ಆಮೇಲೆ ಮಣ್ಣಿಗಿಳಿದು ಕೋಶ (ಪ್ಯೂಪಾ) ಆಗುತ್ತವೆ. ಸೋದರ ಜಾತಿ ಓಲಿಬ್ರಸ್‌ನ ಮರಿಹುಳುಗಳು ಸೇವಂತಿಗೆ ಕುಟುಂಬದ ಹೂಗಳೊಳಗೆ ಬೆಳೆಯುತ್ತವೆ. ಇನ್ನೊಂದು ಜಾತಿ ಸ್ಟಿಲ್ಬಸ್‌ಗೆ ಒಣಗಿದ ಎಲೆಯ ಬೂಸ್ಟು ಸಾಕು.

ಆದರೆ ಹೂವಿನ ಮೇಲೆ ಸಿಕ್ಕಿತೆಂದು ಸುಮ್ನೆ ಓಲಿಬ್ರಸ್ ಅನ್ನಬೇಡಿ. ಬೆಳೆದ ಫಲಾಕ್ರಸ್ ಜೀರುಂಡೆಗಳೂ ಅಲ್ಲಿಗೆ ಪರಾಗಕ್ಕೆ ಬರುತ್ತವೆ. ಎರಡು ಮುಂರೆಕ್ಕೆ ಸೇರುವ ಗೆರೆಯ ಪಕ್ಕದಲ್ಲಿ ನೋಡಿ: ಓಲಿಬ್ರಸ್‌ಗೆ ಪ್ರತಿ ರೆಕ್ಕೆಯಲ್ಲೂ ಎರಡು ಸಣ್ಣ ಗೀರು, ಫಲಾಕ್ರಸ್‌ಗೆ ಒಂದೇ. ಬೆಳಕನ್ನು ಓರೆಯಾಗಿ ಬಿಡಿ. ನೇರ ಬಿಟ್ಟರೆ ಆ ಹೊಳಪಿನಲ್ಲಿ ಗೀರು ಕಾಣುವುದೇ ಇಲ್ಲ.