ತಿಮಿಂಗಿಲ ಕಾಣಬೇಕಾದರೆ ಹಕ್ಕಿಯ ಬೆನ್ನು ಹತ್ತಿ

ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ತಿಮಿಂಗಿಲ ನೋಡಲು ದೋಣಿ ಹತ್ತಿದವರು ಸಾಮಾನ್ಯವಾಗಿ ನೀರನ್ನೇ ದಿಟ್ಟಿಸುತ್ತಾರೆ. ಪಳಗಿದ ದೋಣಿಯವರು ಮೊದಲು ಹುಡುಕುವುದು ಹಕ್ಕಿಗಳನ್ನು. ದೂರದಲ್ಲಿ ಅವು ಒಂದೇ ಕಡೆ ಮುತ್ತಿಕೊಂಡು ನೀರಿಗೆ ಬೀಳುತ್ತಿದ್ದರೆ ದೋಣಿ ಅತ್ತ ತಿರುಗುತ್ತದೆ.

ಈ ಕೊಲ್ಲಿಯ ಸಿರಿಗೆ ಕಾರಣ ಅದರ ತಳದಲ್ಲೂ ಇದೆ, ಗಾಳಿಯಲ್ಲೂ ಇದೆ. ಮಾಸ್ ಲ್ಯಾಂಡಿಂಗ್ ಎಂಬ ಪುಟ್ಟ ಬಂದರಿನ ಬಾಯಲ್ಲೇ ಶುರುವಾಗುವ ಕಡಲಡಿಯ ಕಣಿವೆಯೊಂದು ಮುಂದೆ ಸಾಗುತ್ತ ಸುಮಾರು 3,600 ಮೀಟರ್ ಆಳಕ್ಕೆ ಇಳಿಯುತ್ತದೆ. ವಸಂತದಿಂದ ಬೇಸಿಗೆಯವರೆಗೆ ವಾಯವ್ಯದ ಗಾಳಿ ಕರಾವಳಿಗುಂಟ ಬೀಸುತ್ತದೆ. ಭೂಮಿ ತಿರುಗುತ್ತಿರುವುದರಿಂದ ಮೇಲ್ಪದರದ ನೀರು ಗಾಳಿ ಹೋದತ್ತಲೇ ಹೋಗದೆ ಬಲಕ್ಕೆ, ಅಂದರೆ ದಡದಿಂದ ಆಚೆಗೆ, ಸರಿಯುತ್ತದೆ. ತೆರವಾದ ಜಾಗಕ್ಕೆ ಆಳದ ತಣ್ಣೀರು ಉಕ್ಕಿ ಬರುತ್ತದೆ. ಅದರಲ್ಲಿರುವ ನೈಟ್ರೇಟ್, ಫಾಸ್ಫೇಟ್‌ಗಳು ನೀರಲ್ಲಿ ತೇಲುವ ಸೂಕ್ಷ್ಮ ಸಸ್ಯಗಳಾದ ಸಸ್ಯಪ್ಲವಕಗಳಿಗೆ ಗೊಬ್ಬರ. ಪ್ಲವಕ ಹೆಚ್ಚಿದಲ್ಲಿ ಸಿಗಡಿಯಂಥ ಪುಟ್ಟ ಜೀವಿ ಕ್ರಿಲ್, ಆಂಚೋವಿ ಎಂಬ ಸಣ್ಣ ಮೀನು, ಅವಿದ್ದಲ್ಲಿ ತಿಮಿಂಗಿಲ. ಅಲ್ಲಿ ಬೇಸಿಗೆಯಾದ ಜುಲೈ ತಿಂಗಳಲ್ಲೂ ದೋಣಿಯಲ್ಲಿ ದಪ್ಪ ಜಾಕೆಟ್ ಬೇಕಾಗುವುದು ಇದೇ ತಣ್ಣೀರಿನಿಂದ.

ಹಂಪ್‌ಬ್ಯಾಕ್ ತಿಮಿಂಗಿಲ ಉಣ್ಣುವುದನ್ನು ಹತ್ತಿರದಿಂದ ನೋಡಬೇಕು. ಮೊದಲು ಆಂಚೋವಿಗಳು ನೀರಿನಿಂದ ಮೇಲಕ್ಕೆ ಸಿಡಿಯುತ್ತವೆ. ಮರುಕ್ಷಣ ಅದೇ ಜಾಗದಲ್ಲಿ ಬಾಯಿ ತೆರೆದೇ ತಿಮಿಂಗಿಲ ಮೇಲೇಳುತ್ತದೆ. ಗಂಟಲಿನ ಕೆಳಗಿನ ನೆರಿಗೆಗಳು ಬಿಚ್ಚಿಕೊಂಡು ಕೆಳದವಡೆ ದೊಡ್ಡ ಚೀಲದಂತೆ ಊದುತ್ತದೆ. ಬಾಯಿ ಮುಚ್ಚಿದ ಮೇಲೆ ನೀರೆಲ್ಲ ಹಲ್ಲಿನ ಬದಲಿಗಿರುವ ಬಲೀನ್ ಎಂಬ ಜಾಲರಿಯ ಮೂಲಕ ಹೊರಹೋಗಿ ಮೀನು ಒಳಗೆ ಉಳಿಯುತ್ತದೆ. ತಪ್ಪಿಸಿಕೊಂಡ ಮೀನಿಗಾಗಿ ಗಲ್ ಹಕ್ಕಿಗಳು ಆ ದವಡೆಯ ಅಂಚಿನವರೆಗೂ ನುಗ್ಗುತ್ತವೆ. ತಿಮಿಂಗಿಲ ಉಸಿರು ಬಿಟ್ಟಾಗ ಗಾಳಿ ದೋಣಿಯ ಕಡೆಗಿದ್ದರೆ ಕೊಳೆತ ಮೀನಿನ ನಾತವೂ ಸಿಗುತ್ತದೆ.

ಎಲ್ಲರ ಕ್ಯಾಮೆರಾ ತಿಮಿಂಗಿಲದ ಮೇಲಿರುವಾಗ ಪಕ್ಕದಲ್ಲೇ ಹಾರುವ ಕಂದು ಬಣ್ಣದ ಸೂಟಿ ಶಿಯರ್‌ವಾಟರ್ ಅನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ನನಗೆ ಅದೇ ಹೆಚ್ಚಿನ ವಿಸ್ಮಯ. ನ್ಯೂಜಿಲೆಂಡಿನ ಗೂಡುಗಳಲ್ಲಿ ಈ ಹಕ್ಕಿಗಳಿಗೆ ಪುಟ್ಟ ಸಾಧನ ಕಟ್ಟಿ ಜಾಡು ಹಿಡಿದ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಕಾರ, ಅವು ವಲಸೆಯಲ್ಲಿ ಪೆಸಿಫಿಕ್ ಸಾಗರವನ್ನೇ ಸುತ್ತಿ ಸುಮಾರು 64,000 ಕಿಲೋಮೀಟರ್ ಹಾರುತ್ತವೆ. ಮೀನಿಗಾಗಿ 60 ಮೀಟರಿಗೂ ಹೆಚ್ಚು ಆಳಕ್ಕೆ ಮುಳುಗಬಲ್ಲವು.

ಗುರುತೇ ಇಲ್ಲದ ಕಡಲಲ್ಲಿ ಊಟ ಎಲ್ಲಿದೆ ಎಂದು ಇಂಥ ಹಕ್ಕಿಗಳಿಗೆ ತಿಳಿಯುವುದು ಹೇಗೆ? ಒಂದು ಉತ್ತರ, ವಾಸನೆಯಿಂದ. ಕ್ರಿಲ್‌ಗಳು ಸಸ್ಯಪ್ಲವಕವನ್ನು ಮೇಯುವಾಗ ಡೈಮಿಥೈಲ್ ಸಲ್ಫೈಡ್ ಎಂಬ ಅನಿಲ ಹೊರಬೀಳುತ್ತದೆ. ವಿಜ್ಞಾನಿ ಗೇಬ್ರಿಯೆಲ್ ನೆವಿಟ್ ಮತ್ತು ಸಂಗಡಿಗರು ಅಂಟಾರ್ಕ್ಟಿಕ್ ಕಡಲಲ್ಲಿ ಈ ರಾಸಾಯನಿಕ ಬೆರೆಸಿದ ಎಣ್ಣೆ ಚೆಲ್ಲಿ ಕಾದರು. ಶಿಯರ್‌ವಾಟರ್‌ನ ಬಳಗಕ್ಕೇ ಸೇರಿದ ಪೆಟ್ರೆಲ್ ಎಂಬ ಕಡಲಹಕ್ಕಿಗಳಲ್ಲಿ ಕೆಲವು ಜಾತಿಯವು ಅದನ್ನು ಹುಡುಕಿಕೊಂಡು ಬಂದವು. ಆ ವರದಿ 1995ರಲ್ಲಿ ಬಂತು. ನಮಗೆ ಬರೀ ನೀಲಿಯಾಗಿ ಕಾಣುವ ನೀರಿನ ಮೇಲೆ ಹಕ್ಕಿಗೆ ಘಮಘಮಿಸುವ ದಾರಿಗಳಿವೆ!

ತಿಮಿಂಗಿಲವೂ ಬರೀ ತಿಂದು ಹೋಗುವುದಿಲ್ಲ. ಆಳದಲ್ಲಿ ಉಂಡು ಮೇಲ್ಪದರದಲ್ಲಿ ಮಲ ವಿಸರ್ಜಿಸುತ್ತದೆ. ಅದರಲ್ಲಿನ ಸಾರಜನಕ, ಕಬ್ಬಿಣ ಮತ್ತೆ ಪ್ಲವಕಕ್ಕೆ ಸೇರುತ್ತವೆ. ತಿಮಿಂಗಿಲ ಕಡಿಮೆಯಾದರೆ ಮೀನು ಹೆಚ್ಚುತ್ತದೆ ಎಂಬ ಹಳೆಯ ಲೆಕ್ಕ ಅಷ್ಟು ಸರಳವಲ್ಲ.

ನಮ್ಮ ಕಡಲಲ್ಲೂ ಇದೇ ವ್ಯವಸ್ಥೆಯಿದೆ. ಮುಂಗಾರಿನಲ್ಲಿ ಅರಬ್ಬಿ ಸಮುದ್ರದ ಆಳದ ನೀರು ಮೇಲೇಳುವುದರಿಂದಲೇ ಮಂಗಳೂರು, ಮಲ್ಪೆಗಳ ಬೂತಾಯಿ ಮೀನಿನ ಸುಗ್ಗಿ. ಅಂಟಾರ್ಕ್ಟಿಕ್ ಕಡೆಯ ಪುಟ್ಟ ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್ ಕೂಡ ಈ ಕಡಲಿಗೆ ಬರುತ್ತದೆ. ಅರಬ್ಬಿ ಸಮುದ್ರದ ಹಂಪ್‌ಬ್ಯಾಕ್‌ಗಳಂತೂ ಬೇರೆಡೆಯವುಗಳ ಹಾಗೆ ಧ್ರುವದತ್ತ ವಲಸೆ ಹೋಗದೆ ವರ್ಷವಿಡೀ ಇಲ್ಲೇ ಇರುತ್ತವೆ. 2017ರ ಕೊನೆಗೆ ಒಮಾನ್ ತೀರದಲ್ಲಿ ಉಪಗ್ರಹ ಟ್ಯಾಗ್ ಹಾಕಿಸಿಕೊಂಡ ಲುಬಾನ್ ಎಂಬ ಹೆಣ್ಣು ತಿಮಿಂಗಿಲ ಸಮುದ್ರ ದಾಟಿ ಗೋವಾದ ಹತ್ತಿರ ಬಂದು, ಅಲ್ಲಿಂದ ಪಶ್ಚಿಮ ಕರಾವಳಿಗುಂಟ ದಕ್ಷಿಣದ ತುದಿಯವರೆಗೂ ಹೋಯಿತು. ಕಾರವಾರ, ಮಲ್ಪೆಗಳಿಂದ ಆಳಸಮುದ್ರಕ್ಕೆ ಹೋಗುವವರು ಮೊಬೈಲಿನಲ್ಲಿ ಹಿಡಿದ ಒಂದು ಬಾಲದ ಚಿತ್ರವೂ ಸಂಶೋಧಕರಿಗೆ ಬೆಲೆಬಾಳುವ ದಾಖಲೆ. ಬಾಲದ ಅಡಿಯ ಕಪ್ಪು ಬಿಳುಪಿನ ಗುರುತು ಪ್ರತಿ ಹಂಪ್‌ಬ್ಯಾಕ್‌ಗೂ ಬೇರೆಯೇ ಇರುತ್ತದೆ.