ಬೆಳಿಗ್ಗೆ ಹಿಡಿಯದ ಹಳೇ ಗಾಡಿ: ಮೊದಲು ಏನು ನೋಡಬೇಕು?

ಪ್ರಶ್ನೆ: ನನ್ನದು 1998ರ ಮಾರುತಿ 800, ಪೆಟ್ರೋಲ್. ಡಿಸೆಂಬರ್ ಬಂತೆಂದರೆ ಬೆಳಿಗ್ಗೆ ಹತ್ತು ಸಲ ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ಒಮ್ಮೆ ಸ್ಟಾರ್ಟ್ ಆದರೆ ದಿನವಿಡೀ ತೊಂದರೆ ಇಲ್ಲ. ಹೋದ ತಿಂಗಳು ಹೊಸ ಬ್ಯಾಟರಿ ಹಾಕಿಸಿದೆ. ಸೆಲ್ಫ್ ಈಗ ಜೋರಾಗಿ ತಿರುಗುತ್ತದೆ, ಆದರೂ ಅದೇ ಕತೆ. ಏನು ಮಾಡಲಿ? (ಹುಬ್ಬಳ್ಳಿ ನವನಗರದ ಓದುಗರು)

ಚಳಿಗಾಲದಲ್ಲಿ ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಗಾಡಿ ಬೇರೆ, ಊರು ಬೇರೆ, ಆದರೆ ಒಂದು ಸಾಲು ಎಲ್ಲರದೂ ಒಂದೇ: "ಹೊಸ ಬ್ಯಾಟರಿ ಹಾಕಿಸಿದೆ." ಓದಿದಾಗೆಲ್ಲ ಬೇಜಾರಾಗುತ್ತದೆ. ಹಳೇ ಬ್ಯಾಟರಿ ನಿಜವಾಗಿ ಕೆಟ್ಟಿತ್ತಾ ಅಂತ ಯಾರೂ ನೋಡಿರುವುದಿಲ್ಲ. ದುಡ್ಡು ಮಾತ್ರ ಹೋಗಿರುತ್ತದೆ.

ಮೊದಲು ಚಳಿಯ ಮಾತು ಮುಗಿಸಿಬಿಡೋಣ. ಹುಬ್ಬಳ್ಳಿಯಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಚಳಿ ಅಂದರೆ ಸುಮಾರು 14–15 ಡಿಗ್ರಿ. ಧಾರವಾಡದಲ್ಲಿ ಕೆಲಗೇರಿ ಕೆರೆ ಕಡೆ ಇನ್ನೂ ಸ್ವಲ್ಪ ಜಾಸ್ತಿ ಅನಿಸಬಹುದು. ಇದೇ ಮಾರುತಿ 800 ದಿಲ್ಲಿಯ 5 ಡಿಗ್ರಿ ಚಳಿಯಲ್ಲೂ ವರ್ಷಗಟ್ಟಲೆ ಓಡಿದೆ. ಹಾಗಾಗಿ ನಮ್ಮೂರ ಚಳಿಯನ್ನು ಬೈದು ಉಪಯೋಗವಿಲ್ಲ. ಗಾಡಿಯೊಳಗೆ ಯಾವುದೋ ಒಂದು ಭಾಗ ಅರ್ಧ ಕೆಟ್ಟಿದೆ. ಮಧ್ಯಾಹ್ನ ಆ ಅರ್ಧದಲ್ಲೇ ಕೆಲಸ ಸಾಗುತ್ತದೆ, ಬೆಳಿಗ್ಗೆ ಸಾಗುವುದಿಲ್ಲ.

ಅದು ಯಾವ ಭಾಗ ಅಂತ ಹುಡುಕಲು ನಮ್ಮ ಕಡೆ ಮಿಸ್ತ್ರಿಗಳ ಬಾಯಲ್ಲೇ ದಾರಿ ಇದೆ. ಅವರು "ಸ್ಟಾರ್ಟ್ ಆಗವಲ್ದು" ಅಂತ ಕೇಳಿದ ಕೂಡಲೇ ತಿರುಗಿ ಕೇಳುವುದು ಒಂದೇ ಮಾತು: "ಎತ್ತವಲ್ದೋ, ಹಿಡೀವಲ್ದೋ?" ಕೀಲಿ ತಿರುಗಿಸಿದಾಗ ಎಂಜಿನ್ ಉಂ… ಉಂ… ಅಂತ ಏರಿನಲ್ಲಿ ಹೇರು ಎಳೆಯುವ ಎತ್ತಿನ ಹಾಗೆ ಒದ್ದಾಡಿದರೆ, ಇಲ್ಲವೇ ಬರೀ 'ಟಕ್' ಅಂದು ಸುಮ್ಮನಾದರೆ, ಅದು ಎತ್ತುತ್ತಿಲ್ಲ. ಅಂದರೆ ಕರೆಂಟಿನ ಸಮಸ್ಯೆ. ಸರಸರ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಅದು ಹಿಡಿಯುತ್ತಿಲ್ಲ. ಅಂದರೆ ಪೆಟ್ರೋಲ್ ಇಲ್ಲವೇ ಕಿಡಿಯ ಸಮಸ್ಯೆ. ಈ ಎರಡರ ದಾರಿ ಪೂರ್ತಿ ಬೇರೆ. ನಿಮ್ಮದು ಎರಡನೆಯದು. ಆದರೂ ಬ್ಯಾಟರಿಯ ಮಾತು ಬಂದಿರುವುದರಿಂದ ಮೊದಲನೆಯದನ್ನು ಹೇಳಿಯೇ ಮುಂದೆ ಹೋಗುತ್ತೇನೆ.

ಎತ್ತದ ಗಾಡಿಗೆ ಒಂದು ಸಾದಾ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ತೋರಿಸಿದರೆ ಪೂರ್ತಿ ತುಂಬಿದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಮ್ಮಿ ಖಾಲಿ. ಸೆಲ್ಫ್ ಹೊಡೆಯುವಾಗ ಅದು 9.6ಕ್ಕಿಂತ ಕೆಳಗೆ ಇಳಿಯಬಾರದು. ಎಂಜಿನ್ ಓಡುವಾಗ 13.8ರಿಂದ 14.4ರೊಳಗೆ ಇರಬೇಕು. ಅದಕ್ಕಿಂತ ಕೆಳಗಿದ್ದರೆ ಆಲ್ಟರ್ನೇಟರ್ ಸರಿಯಾಗಿ ಚಾರ್ಜ್ ಮಾಡುತ್ತಿಲ್ಲ, ಎಷ್ಟು ಬ್ಯಾಟರಿ ಬದಲಿಸಿದರೂ ಅಷ್ಟೇ. ಇನ್ನೊಂದು ವಿಷಯ. ಬ್ಯಾಟರಿಯನ್ನು ನಿಜವಾಗಿ ಹಾಳು ಮಾಡುವುದು ನಮ್ಮ ಏಪ್ರಿಲ್, ಮೇ ಬಿಸಿಲು. ಒಳಗಿನ ಪ್ಲೇಟು ಆಗಲೇ ಸವೆದಿರುತ್ತವೆ, ಚಳಿಗೆ ಆಯಿಲ್ ಗಟ್ಟಿಯಾಗಿ ಎಂಜಿನ್ ಭಾರವಾದಾಗ ಅದು ಗೊತ್ತಾಗುತ್ತದೆ.

ಬ್ಯಾಟರಿ ಸರಿ ಇದ್ದೂ ಎತ್ತದಿದ್ದರೆ? ಇಲ್ಲಿ ನಮ್ಮ ಮನೆಯದೇ ಒಂದು ಅನುಭವ ಹೇಳುತ್ತೇನೆ. ಧಾರವಾಡದಲ್ಲಿ ನಮ್ಮ ತಂದೆಯವರ ಹಳೇ 800 ಎರಡು ಚಳಿಗಾಲ ಹೀಗೇ ಕಾಡಿತು. ಬ್ಯಾಟರಿ ಬದಲಾಯಿತು, ಸೆಲ್ಫ್ ಮೋಟರ್ ಬಿಚ್ಚಿ ಬ್ರಷ್ ಹಾಕಿಸಿದ್ದಾಯಿತು. ಕೊನೆಗೆ ಒಂದು ಬೆಳಿಗ್ಗೆ ಐದಾರು ಸಲ ಸೆಲ್ಫ್ ಹೊಡೆದ ಮೇಲೆ ಬಾನೆಟ್ ಒಳಗೆ ಕೈ ಹಾಕಿದೆ. ಬ್ಯಾಟರಿಯ ಮೈನಸ್ಸಿನಿಂದ ಗೇರ್‌ಬಾಕ್ಸಿಗೆ ಹೋಗುವ ಅರ್ಥಿಂಗ್ ತಂತಿಯ ಬೋಲ್ಟ್ ಮುಟ್ಟಿದರೆ ಬಿಸಿ! ಎಂಜಿನ್ ಇನ್ನೂ ತಣ್ಣಗಿತ್ತು, ಆ ಬೋಲ್ಟ್ ಒಂದೇ ಬಿಸಿ. ಬಿಚ್ಚಿ ನೋಡಿದರೆ ತಂತಿಯ ತುದಿಗೆ ಹಸಿರು ಮಿಶ್ರ ಬಿಳಿ ಪುಡಿ ಸುಣ್ಣದ ಹಾಗೆ ಹತ್ತಿಕೊಂಡಿತ್ತು. ಆ ಪುಡಿ ಕರೆಂಟಿಗೆ ಅಡ್ಡವಾಗಿ, ಅದರ ಶಕ್ತಿ ಅಲ್ಲೇ ಶಾಖವಾಗಿ ಹೋಗುತ್ತಿತ್ತು. ಉಪ್ಪುಕಾಗದದಿಂದ ತಿಕ್ಕಿ, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಸವರಿದೆ. ಅವತ್ತಿನಿಂದ ತೊಂದರೆ ಇಲ್ಲ.

ಬೆರಳಿನ ಬದಲು ಮೀಟರಿನಲ್ಲೂ ಇದನ್ನು ನೋಡಬಹುದು. ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ಎಂಜಿನ್ನಿನ ಬಣ್ಣವಿಲ್ಲದ ಲೋಹದ ಮೇಲೆ ಇಡಿ. ಜೊತೆಯವರು ಸೆಲ್ಫ್ ಹೊಡೆಯಲಿ. 0.2, 0.3 ವೋಲ್ಟ್ ಬಂದರೆ ಪರವಾಗಿಲ್ಲ. ಅರ್ಧ ವೋಲ್ಟ್ ದಾಟಿದರೆ ಅರ್ಥಿಂಗ್ ಕೆಟ್ಟಿದೆ.

ಈಗ ನಿಮ್ಮ ಗಾಡಿ. ಎತ್ತುತ್ತದೆ, ಹಿಡಿಯುವುದಿಲ್ಲ. ನಾನು ಮೊದಲು ನೋಡುವುದು ಪೆಟ್ರೋಲ್. ನಿಮ್ಮದು ಕಾರ್ಬ್ಯುರೇಟರ್ ಗಾಡಿ, ಅಂದರೆ ಪೆಟ್ರೋಲ್, ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ ಕಾರ್ಬ್ಯುರೇಟರ್. ಪೆಟ್ರೋಲ್ ಪಂಪನ್ನು ಎಂಜಿನ್ನೇ ತಿರುಗಿಸುತ್ತದೆ, ಎಂಜಿನ್ ನಿಂತರೆ ಪಂಪೂ ನಿಂತಂತೆ. ಕಾರ್ಬ್ಯುರೇಟರಿನಲ್ಲಿ ಒಂದು ಸಣ್ಣ ಬಟ್ಟಲಿದೆ, ರಾತ್ರಿ ಅದರಲ್ಲಿ ಉಳಿದ ಪೆಟ್ರೋಲೇ ಬೆಳಗಿನ ಮೊದಲ ಸೆಲ್ಫ್‌ಗೆ ಆಧಾರ. ಆ ಬಟ್ಟಲು ಆರಿದ್ದರೆ, ಇಲ್ಲವೇ ಪಂಪಿನ ವಾಲ್ವ್ ಸವೆದು ಪೈಪಿನ ಪೆಟ್ರೋಲ್ ಟ್ಯಾಂಕಿಗೇ ಹಿಂದಿರುಗಿದ್ದರೆ, ಅದು ಮತ್ತೆ ತುಂಬುವವರೆಗೂ ಸೆಲ್ಫ್ ತಿರುಗುತ್ತಲೇ ಇರಬೇಕು.

ಪರೀಕ್ಷೆ ಸುಲಭ. ಬೆಳಿಗ್ಗೆ ಸೆಲ್ಫ್ ಹೊಡೆಯುವ ಮೊದಲೇ ಮಾಡಬೇಕು, ಆಮೇಲೆ ಮಾಡಿದರೆ ಉಪಯೋಗವಿಲ್ಲ. ಕೀಲಿ ಆಫ್ ಇರಲಿ, ಹತ್ತಿರ ಬೀಡಿ, ಬೆಂಕಿ ಏನೂ ಬೇಡ. ಏರ್ ಫಿಲ್ಟರ್ ಡಬ್ಬಿ ತೆಗೆದು ಕಾರ್ಬ್ಯುರೇಟರಿನ ಬಾಯೊಳಗೆ ಟಾರ್ಚ್ ಬಿಡಿ. ಕೈಯಿಂದ ಆಕ್ಸಿಲರೇಟರ್ ಕೇಬಲ್ ಒಮ್ಮೆ ಎಳೆಯಿರಿ. ಸೂಜಿಯಷ್ಟು ಸಣ್ಣ ಪೆಟ್ರೋಲ್ ಧಾರೆ ಚಿಮ್ಮಬೇಕು. ಚಿಮ್ಮಿದರೆ ಬಟ್ಟಲಲ್ಲಿ ಪೆಟ್ರೋಲ್ ಇದೆ. ಚಿಮ್ಮದಿದ್ದರೆ ಪಂಪು, ಫಿಲ್ಟರ್, ಹಳೇ ರಬ್ಬರ್ ಪೈಪು ನೋಡಿ.

ಅಲ್ಲಿ ನಿಂತಿರುವಾಗಲೇ ಇನ್ನೊಂದು ಕೆಲಸ ಮಾಡಿ. ಒಳಗೆ ಕುಳಿತವರಿಗೆ ಚೋಕ್ ಗುಂಡಿ ಪೂರ್ತಿ ಎಳೆಯಲು ಹೇಳಿ. ಕಾರ್ಬ್ಯುರೇಟರಿನ ಬಾಯಲ್ಲಿರುವ ತಗಡಿನ ಮುಚ್ಚಳ ಪೂರ್ತಿ ಮುಚ್ಚಿಕೊಳ್ಳಬೇಕು. ಬಹಳಷ್ಟು ಹಳೇ ಗಾಡಿಗಳಲ್ಲಿ ಗುಂಡಿ ಇಡೀ ಹೊರಗೆ ಬರುತ್ತದೆ, ಮುಚ್ಚಳ ಮಾತ್ರ ಅರ್ಧಕ್ಕೇ ನಿಲ್ಲುತ್ತದೆ. ಕೇಬಲ್ ಜಗ್ಗಿರುತ್ತದೆ, ಇಲ್ಲವೇ ಅದನ್ನು ಹಿಡಿದಿರುವ ಸ್ಕ್ರೂ ಜಾರಿರುತ್ತದೆ. ಓಡಿಸುವವರಿಗೆ ಚೋಕ್ ಎಳೆದೆ ಅನ್ನುವ ಸಮಾಧಾನ, ಎಂಜಿನ್ನಿಗೆ ಅದು ಮುಟ್ಟಿರುವುದೇ ಇಲ್ಲ.

ಚೋಕ್ ಯಾಕೆ ಬೇಕು ಅಂತ ಕೇಳುವವರಿದ್ದಾರೆ. ಪೆಟ್ರೋಲ್ ದ್ರವವಾಗಿದ್ದಾಗ ಹೊತ್ತುವುದಿಲ್ಲ, ಆವಿಯಾಗಬೇಕು. ಬಿಸಿ ಎಂಜಿನ್ನಿಗೆ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಸರಿಹೋಗುತ್ತದೆ. ತಣ್ಣಗಿರುವಾಗ ಬಹಳಷ್ಟು ಪೆಟ್ರೋಲ್ ಹನಿಯಾಗಿ ಗೋಡೆಗೇ ಅಂಟಿಕೊಳ್ಳುತ್ತದೆ. ಅದಕ್ಕೇ ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಜಾಸ್ತಿ ಕೊಡಬೇಕು. ಈಗ ಇದು ಇನ್ನಷ್ಟು ಮುಖ್ಯ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇ20 ಪೆಟ್ರೋಲ್ ಬಿಡುಗಡೆಯಾಯಿತಲ್ವಾ, ಅದರಲ್ಲಿ ನೂರಕ್ಕೆ 20 ಪಾಲು ಎಥನಾಲ್. ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಜಾಸ್ತಿ ಶಾಖ ಬೇಕು, ಜೊತೆಗೆ ಅದು ಗಾಳಿಯ ತೇವ ಹೀರುತ್ತದೆ. ಹಳೇ ರಬ್ಬರ್ ಪೈಪು, ಸೀಲುಗಳಿಗೂ ಅದು ಒಗ್ಗುವುದಿಲ್ಲ. 1998ರ ಗಾಡಿಯನ್ನು ಇದಕ್ಕಂತ ಮಾಡಿದ್ದಲ್ಲ. ವಾರಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಬಿಡಬೇಡಿ. ಪೆಟ್ರೋಲ್ ಪೈಪು ಒಡೆದಿದೆಯಾ, ಉಬ್ಬಿದೆಯಾ ಅಂತ ಆಗಾಗ ನೋಡಿ.

ಪೆಟ್ರೋಲ್ ಬರುತ್ತಿದೆ, ಚೋಕ್ ಮುಚ್ಚುತ್ತಿದೆ ಅಂತಾದರೆ ಕಿಡಿ ನೋಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಮೂಸಿ. ತುದಿ ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ತಲುಪಿದೆ, ಕಿಡಿ ಸಾಲುತ್ತಿಲ್ಲ. ಒಣಗಿದ್ದರೆ ಪೆಟ್ರೋಲ್ ತಲುಪಿಲ್ಲ. ತುದಿ ಮಸಿಯ ಹಾಗೆ ಕಪ್ಪಾಗಿದ್ದರೆ ಸ್ವಚ್ಛ ಮಾಡಿ, ಸಂದು 0.7ರಿಂದ 0.8 ಮಿಲಿಮೀಟರ್ ಇಡಿ. ಸವೆದ ಪ್ಲಗ್ಗಿನ ಸಂದು ಅಗಲವಾಗಿರುತ್ತದೆ. ಬೆಳಿಗ್ಗೆ ಸೆಲ್ಫ್ ಕರೆಂಟನ್ನೆಲ್ಲ ಎಳೆದುಕೊಂಡಾಗ ಆ ಸಂದು ಹಾರುವ ಶಕ್ತಿ ಕಿಡಿಗೆ ಉಳಿಯುವುದಿಲ್ಲ.

ಧಾರವಾಡದವರು ಕಿಡಿಯ ತೊಂದರೆಯನ್ನು ಚಳಿಗಾಲಕ್ಕಿಂತ ಜೂನ್, ಜುಲೈನಲ್ಲಿ ಜಾಸ್ತಿ ಅನುಭವಿಸುತ್ತಾರೆ. ನಾಲ್ಕು ದಿನ ಬಿಡದೆ ಜಿಟಿಜಿಟಿ ಮಳೆ ಹಿಡಿದರೆ, ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ತೇವ ಕೂರುತ್ತದೆ. ಮುಚ್ಚಳ ತೆಗೆದು ಒಣ ಬಟ್ಟೆಯಿಂದ ಒರೆಸಿ. ಒಳಗೆ ಪೆನ್ಸಿಲಿನಲ್ಲಿ ಎಳೆದ ಹಾಗೆ ಕಪ್ಪು ಗೆರೆ ಕಂಡರೆ ಮುಚ್ಚಳವನ್ನೇ ಬದಲಿಸಬೇಕು, ಒರೆಸಿದರೆ ಹೋಗುವುದಿಲ್ಲ. ಪ್ಲಗ್ ವೈರುಗಳಿಗೆ ಒಂದು ಒಳ್ಳೆಯ ಪರೀಕ್ಷೆ ಇದೆ. ಸುತ್ತ ಪೆಟ್ರೋಲ್ ವಾಸನೆ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಕತ್ತಲೆಯಲ್ಲಿ ಬಾನೆಟ್ ತೆಗೆದು ಸೆಲ್ಫ್ ಹೊಡೆಸಿ, ದೂರ ನಿಂತು ನೋಡಿ. ವೈರ್ ಬಿರುಕು ಬಿಟ್ಟಿದ್ದರೆ ನೀಲಿ ಕಿಡಿ ಮಿಣುಕುವುದು ಕಣ್ಣಿಗೇ ಕಾಣುತ್ತದೆ. ಕೈ ಮಾತ್ರ ಹಾಕಬೇಡಿ, ಅದು ಸಾವಿರಾರು ವೋಲ್ಟ್.

ಬೇರೆ ಗಾಡಿಯವರಿಗೆ ಎರಡು ಮಾತು. ಇಂಜೆಕ್ಷನ್ ಗಾಡಿಯಾದರೆ (ಕಾರ್ಬ್ಯುರೇಟರ್ ಬದಲು ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವಂಥದ್ದು) ಚೋಕ್ ಇರುವುದಿಲ್ಲ. ಕೀಲಿ ಆನ್ ಮಾಡಿ ಎರಡು ಸೆಕೆಂಡ್ ಬಿಟ್ಟು ಆಫ್ ಮಾಡಿ. ಹೀಗೆ ಮೂರು ಸಲ ಮಾಡಿ ಆಮೇಲೆ ಸೆಲ್ಫ್ ಹೊಡೆಯಿರಿ. ಆಗ ತಕ್ಷಣ ಹಿಡಿದರೆ ರಾತ್ರಿ ಪೆಟ್ರೋಲ್ ಪೈಪಿನ ಒತ್ತಡ ಇಳಿಯುತ್ತಿದೆ ಎಂದರ್ಥ. ಹಿಡಿಯದಿದ್ದರೆ ಕೂಲೆಂಟ್ (ಎಂಜಿನ್ ತಣಿಸುವ ನೀರು) ಉಷ್ಣತೆಯ ಸೆನ್ಸರ್ ನೋಡಿಸಿ. ಅದು ಕೆಟ್ಟರೆ ಎಂಜಿನ್ ಬಿಸಿ ಇದೆ ಅಂತ ಕಂಪ್ಯೂಟರಿಗೆ ತಪ್ಪು ಸುದ್ದಿ ಹೋಗಿ, ಬೆಳಿಗ್ಗೆ ಬೇಕಾದ ಹೆಚ್ಚಿನ ಪೆಟ್ರೋಲ್ ಬರುವುದೇ ಇಲ್ಲ. ಹಳೇ ಡೀಸೆಲ್ ಗಾಡಿಯಾದರೆ ಮೊದಲು ಎಂಜಿನ್ನಿನ ಒಳಗನ್ನು ಬಿಸಿ ಮಾಡುವ ಹೀಟರ್ ಪ್ಲಗ್ ನೋಡಿ. ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನಿಂದ ಬಿಳಿ ಹೊಗೆ ಬಂದರೆ ಡೀಸೆಲ್ ತಲುಪಿದೆ, ಶಾಖ ಸಾಲದು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ಲೇ ತಲುಪಿಲ್ಲ, ಪೈಪಿಗೆ ಗಾಳಿ ಹೊಕ್ಕಿರಬಹುದು. ಗ್ಯಾಸ್ ಕಿಟ್ ಹಾಕಿಸಿದ ಓಮ್ನಿಯವರು ಬೆಳಿಗ್ಗೆ ಪೆಟ್ರೋಲಿನಲ್ಲೇ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾದ ಮೇಲೆ ಗ್ಯಾಸಿಗೆ ಬದಲಿಸಿ.

ಯಾವ ಗಾಡಿಯಾದರೂ ಸೆಲ್ಫನ್ನು ಒಮ್ಮೆಗೆ ಐದಾರು ಸೆಕೆಂಡಿಗಿಂತ ಜಾಸ್ತಿ ಹಿಡಿಯಬೇಡಿ. ನಡುವೆ ಅರ್ಧ ನಿಮಿಷ ಬಿಡಿ. ಇಳಿಜಾರಿನಲ್ಲಿ ಉರುಳಿಸಿ ಸ್ಟಾರ್ಟ್ ಮಾಡುವ ರೂಢಿ ನಮ್ಮಲ್ಲಿದೆ. ಎಂಜಿನ್ ನಿಂತಿರುವಾಗ ಬ್ರೇಕ್ ಬೂಸ್ಟರ್ ಕೆಲಸ ಮಾಡುವುದಿಲ್ಲ. ಬ್ರೇಕ್ ಕಲ್ಲಿನ ಹಾಗೆ ಗಟ್ಟಿಯಾಗಿರುತ್ತದೆ. ಮಕ್ಕಳು ಶಾಲೆಗೆ ಹೊರಡುವ ಹೊತ್ತಿನಲ್ಲಿ ಇದನ್ನು ಮಾಡಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಇನ್ನು ನವನಗರದ ಓದುಗರಿಗೆ. "ಒಮ್ಮೆ ಸ್ಟಾರ್ಟ್ ಆದರೆ ದಿನವಿಡೀ ತೊಂದರೆ ಇಲ್ಲ" ಅಂತ ಬರೆದಿದ್ದೀರಿ. ಪ್ಲಗ್ಗೋ ಡಿಸ್ಟ್ರಿಬ್ಯೂಟರೋ ಪೂರ್ತಿ ಕೆಟ್ಟಿದ್ದರೆ ಗಾಡಿ ಓಡುವಾಗಲೂ ಮಿಸ್ ಹೊಡೆಯುತ್ತಿತ್ತು, ಉಣಕಲ್ ಕೆರೆಯ ಹತ್ತಿರ ಏರು ಹತ್ತುವಾಗ ಜಗ್ಗುತ್ತಿತ್ತು. ಹಾಗಾಗಿ ನನ್ನ ಅನುಮಾನ ಚೋಕ್ ಕೇಬಲ್ ಮೇಲೆ, ಆಮೇಲೆ ಪೆಟ್ರೋಲ್ ಪಂಪಿನ ಮೇಲೆ. ನಾಳೆ ಬೆಳಿಗ್ಗೆ ಕೀಲಿ ತಿರುಗಿಸುವ ಮೊದಲು ಬಾನೆಟ್ ತೆಗೆದು, ಮನೆಯವರಿಗೆ ಚೋಕ್ ಎಳೆಯಲು ಹೇಳಿ. ಆ ತಗಡಿನ ಮುಚ್ಚಳ ಎಲ್ಲಿಗೆ ನಿಲ್ಲುತ್ತದೆ ನೋಡಿ.