ನಿತ್ಯಪುಷ್ಪದ ಎಲೆಯಲ್ಲಿ ಎರಡು ಅರ್ಧಗಳು

ನಿತ್ಯಪುಷ್ಪದ ಎಲೆ ಅಗಿದರೆ ಸಕ್ಕರೆ ಕಾಯಿಲೆ ಹೋಗುತ್ತದೆ, ಕ್ಯಾನ್ಸರ್ ಕೂಡ ವಾಸಿಯಾಗುತ್ತದೆ ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತಲೇ ಇರುತ್ತದೆ. ದಯವಿಟ್ಟು ಅಗಿಯಬೇಡಿ, ಅದು ವಿಷ. ಕ್ಯಾನ್ಸರ್‌ಗೆ ಕೊಡುವ ವಿನ್‌ಬ್ಲಾಸ್ಟಿನ್ ಈ ಗಿಡದ್ದೇ, ನಿಜ. ಆದರೆ ಅದರ ಒಂದು ಗ್ರಾಂಗೆ ಸುಮಾರು 500 ಕಿಲೋ ಒಣ ಎಲೆ ಬೇಕು!

ಸಕ್ಕರೆ ಕಾಯಿಲೆಯ ನಂಬಿಕೆ ಜಮೈಕಾದಲ್ಲೂ ಇತ್ತು. 1950ರ ದಶಕದಲ್ಲಿ ಅಲ್ಲಿಂದ ಬಂದ ಎಲೆಯನ್ನು ಕೆನಡಾದ ವಿಜ್ಞಾನಿ ರಾಬರ್ಟ್ ನೋಬಲ್ ಇಲಿಗಳ ಮೇಲೆ ಪರೀಕ್ಷಿಸಿದರು. ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣಗಳು ಇಳಿದವು. ಆ ಜಾಡು ಹಿಡಿದು ಅವರೂ ಸಹೋದ್ಯೋಗಿ ಚಾರ್ಲ್ಸ್ ಬೀರ್ ಅವರೂ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದರು.

ಹಾಗಾದರೆ ಜೀನ್ ತಿದ್ದಿ ಗಿಡದಿಂದಲೇ ಜಾಸ್ತಿ ಮಾಡಿಸಬಹುದಲ್ವಾ? 2000ದಲ್ಲಿ ಆ ಪ್ರಯತ್ನ ನಡೆಯಿತು. ಓರ್ಕಾ3 ಎಂಬ ಜೀನ್ ಮೇಸ್ತ್ರಿಯಂತೆ, ಹಲವು ಜೀನ್‌ಗಳನ್ನು ಒಟ್ಟಿಗೆ ಕೆಲಸಕ್ಕೆ ಹಚ್ಚುತ್ತದೆ. ಅದನ್ನು ಈ ಗಿಡದ ಕೋಶಗಳಲ್ಲಿ ಜೋರು ಮಾಡಿದರು. ಆದರೆ ತಯಾರಿಯ ಮೊದಲ ಹಂತಗಳ ಒಂದು ಮುಖ್ಯ ಜೀನ್ ಮಾತು ಕೇಳಲಿಲ್ಲ. ಲೋಗನಿನ್ ಎಂಬ ಕಚ್ಚಾವಸ್ತುವನ್ನು ಹೊರಗಿನಿಂದ ಕೊಟ್ಟಾಗಲೇ ಆಲ್ಕಲಾಯ್ಡ್ (ವಿನ್‌ಬ್ಲಾಸ್ಟಿನ್ ಸೇರುವ ಗುಂಪಿನ ರಾಸಾಯನಿಕಗಳು) ಹೆಚ್ಚಿದ್ದು.

ಗಿಡ ಜಿಪುಣತನ ಮಾಡುತ್ತಿಲ್ಲ, ತನ್ನ ವಿಷದಿಂದ ತಾನೇ ಪಾರಾಗುತ್ತಿದೆ. ಮೊದಲ ಹಂತಗಳು ಎಲೆಯ ನಾಳದ ಪಕ್ಕದ ಕೋಶಗಳಲ್ಲಿ ನಡೆಯುತ್ತವೆ. ಅಲ್ಲಿಂದ ಸರಕು ಎಲೆಯ ಹೊರಪದರಕ್ಕೆ ಸಾಗುತ್ತದೆ. ಅಲ್ಲಿ ತಯಾರಾಗುವ ಸ್ಟ್ರಿಕ್ಟೋಸಿಡಿನ್ ಎಂಬ ಅರೆಸಿದ್ಧ ವಸ್ತು ಕೋಶದೊಳಗಿನ ರಸದ ಚೀಲದಲ್ಲಿ ಕೂರುತ್ತದೆ. ಅದನ್ನು ಒಡೆಯುವ ಕಿಣ್ವ ಇರುವುದು ಕೋಶದ ನ್ಯೂಕ್ಲಿಯಸ್‌ನಲ್ಲಿ. ಹುಳು ಕಚ್ಚಿ ಕೋಶ ಒಡೆದರೆ ಎರಡೂ ಬೆರೆಯುತ್ತವೆ, ಹುಳುವಿನ ಬಾಯಿಗೆ ಬೀಳುವುದು ವಿಷ.

ಇನ್ನೂ ಮಜಾ ಇರುವುದು ಕೊನೆಯಲ್ಲಿ. ಕ್ಯಾಥರಾಂಥಿನ್, ವಿಂಡೋಲಿನ್ ಎಂಬ ಎರಡು ಅರ್ಧಗಳು ಸೇರಿದರೆ ವಿನ್‌ಬ್ಲಾಸ್ಟಿನ್. ಮೊದಲನೆಯದನ್ನು ಗಿಡ ಎಲೆಯ ಮೇಲಿನ ಮೇಣಕ್ಕೆ ತಳ್ಳುತ್ತದೆ. ಎರಡನೆಯದು ಎಲೆಯ ಒಳಗೇ ಉಳಿಯುತ್ತದೆ. ಅರ್ಧಗಳು ಬೇಕಾದಷ್ಟಿದ್ದರೂ ಭೇಟಿಯೇ ಅಪರೂಪ. ತಯಾರಿಯ ಜೀನ್‌ಗಳನ್ನು ಜೋರು ಮಾಡಿದ ಮಾತ್ರಕ್ಕೆ ಈ ದೂರ ಕಡಿಮೆಯಾಗುವುದಿಲ್ಲ.

ಅದಕ್ಕೇ ಕೆಲವರು ಗಿಡವನ್ನು ಬಿಟ್ಟು ಯೀಸ್ಟ್ ಹಿಡಿದರು. 2022ರಲ್ಲಿ ಡೆನ್ಮಾರ್ಕ್‌ನ ತಂಡವೊಂದು ಯೀಸ್ಟ್‌ನ ಜೀನ್‌ಗಳಲ್ಲಿ 56 ತಿದ್ದುಪಡಿ ಮಾಡಿ ಎರಡೂ ಅರ್ಧಗಳನ್ನು ಪಡೆಯಿತು. ಎರಡನ್ನೂ ಜೋಡಿಸುವ ಕೆಲಸ ಮಾತ್ರ ಯೀಸ್ಟ್‌ನ ಹೊರಗೆ, ರಾಸಾಯನಿಕವಾಗಿ ಆಯಿತು. ಲೀಟರಿಗೆ ಸಿಕ್ಕಿದ್ದು ಒಂದೊಂದೂ ಮಿಲಿಗ್ರಾಂಗಿಂತ ಕಡಿಮೆ.